ಹಳ್ಳದ ತಿರುವಿಗೆ ಕಟ್ಟಿದ ಗೋಡೆ

ಕಡಹಿನಬೈಲು, ನರಸಿಂಹರಾಜಪುರ ತಾಲ್ಲೂಕು
ಜೂನ್ ೪, ೨೦೨೫

ಮಗ ವಿಘ್ನೇಶನಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯ? ಜೈಲಿನ ಊಟ ಹೊಟ್ಟೆಗೆ ಹಿಡಿಸುತ್ತಿದೆಯೋ ಇಲ್ಲವೋ? ಅಂಗೈ ಗಾಯ ಮಾಗಿದೆಯೇ, ಬೆರಳು ಮಡಚಲು ಬರುತ್ತದೆಯೇ? ನಂಜಾಗಲು ಬಿಡಬೇಡ, ಅಲ್ಲಿಯ ಡಾಕ್ಟರಿಗೆ ತೋರಿಸು. ನನ್ನ ಕೆನ್ನೆಯ ಊತ ಇಳಿದಿದೆ. ಎಡಗಡೆಯಿಂದ ಅಗಿಯಲಾಗುವುದಿಲ್ಲ, ಅಷ್ಟೇ. ಕಾಗದವನ್ನು ಅಲ್ಲಿಯವರು ಓದಿಯೇ ಕೊಡುತ್ತಾರಂತೆ. ಓದಲಿ.

ಹೆಂಗಸರು ಕಲ್ಲು ಹೊಡೆದರು, ರಿಹಾನನೇ ಮೊದಲು ಕೈ ಮಾಡಿದ ಎಂದು ನೀನು ವಕೀಲರಿಗೆ ಹೇಳಿದ್ದೀಯಂತೆ. ನೀನು ಜೆಸಿಬಿಯ ಮೇಲಿದ್ದೆ, ನಾನು ಕೆಳಗಿದ್ದೆ. ಕೆಳಗಿನಿಂದ ಕಂಡದ್ದನ್ನು ಬರೆಯುತ್ತೇನೆ. ಹೋದ ಮಳೆಗಾಲ ಹಳ್ಳ ತಿರುವಿನಲ್ಲಿ ದಂಡೆ ಒಡೆದು ಕೂಲಿ ಲೈನಿನ ಮೂರು ಮನೆಗಳನ್ನು ಎಳೆದುಕೊಂಡು ಹೋಯಿತಲ್ಲ, ಅವತ್ತು ಕುತ್ತಿಗೆಯವರೆಗಿನ ಕೆಸರಿನಿಂದ ಯಮುನಮ್ಮನನ್ನು ಎಳೆದು ತಂದವನು ನೀನೇ. ಮಳೆ ಈಗ ಹಿಂದಿನಂತಿಲ್ಲ, ತಿಂಗಳಿಡೀ ಬರಬೇಕಾದದ್ದು ಒಂದೇ ದಿನ ಸುರಿಯುತ್ತದೆ ಎಂದು ಪಂಚಾಯ್ತಿಯವರು ಹವಾಮಾನದ ಕೆಲಸಕ್ಕೆ ಊರಿನ ಸಂಘಗಳಿಗೆ ಅನುದಾನ ಕೊಟ್ಟರು. ಯಮುನಮ್ಮ ನಮ್ಮ ಹೆಂಗಸರ ಸಂಘದ ಅಧ್ಯಕ್ಷೆ. ಅದೇ ತಿರುವಿನ ಕೆಲಸವನ್ನು ಕೇಳಿ ತಂದವರು ಅವರು. ತಂತಿಬಲೆಯೊಳಗೆ ಕಲ್ಲು ತುಂಬಿದ ಗೋಡೆ, ಅದರ ಹಿಂದೆ ಬಿದಿರು. ಬಲೆ ಮಾಡಿಕೊಟ್ಟವನು ಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ರಿಹಾನ್, ನಿನ್ನ ಜೊತೆ ಹೈಸ್ಕೂಲಿಗೆ ಹೋದವನು. ಗೋಡೆ ಮುಗಿದರೆ ಪ್ರಸನ್ನಕುಮಾರನ ಮರಳಿನ ಟ್ರ್ಯಾಕ್ಟರು ಹಳ್ಳಕ್ಕಿಳಿಯಲು ದಾರಿ ಇರುವುದಿಲ್ಲ. ಅವನ ಜೆಸಿಬಿ ಓಡಿಸುವವನು ನೀನು. ನಮ್ಮ ಮನೆಯ ಜಗಳ ಶುರುವಾದದ್ದೇ ಅಲ್ಲಿಂದ.

ಆ ಬೆಳಿಗ್ಗೆ ನೀನು ಇಬ್ಬರನ್ನು ಕಟ್ಟಿಕೊಂಡು ಬಂದಾಗ ಯಮುನಮ್ಮ ಹೋಗಿ ಗೋಡೆಗೆ ಅಡ್ಡ ನಿಂತರು. ಕೂಗಾಡಲಿಲ್ಲ. "ಎಂತ ಮಾಡ್ತಿ ಮಾರಾಯ, ಇಳಿ ಕೆಳಗೆ, ಕೂತು ಮಾತಾಡನ" ಎಂದರು. ನೀನು ಜೆಸಿಬಿಯ ಬಕೆಟ್ ಎತ್ತಿ ಅವರ ತಲೆಯ ಮೇಲಿಂದ ಗೋಡೆಗೆ ಗುದ್ದಿದೆ. ಬರೀ ಹೆದರಿಸಬೇಕೆಂದು ಇದ್ದೆಯೇನೋ. ತಂತಿ ಹರಿದು ಕಲ್ಲುಗಳೆಲ್ಲ ಅವರ ಮೇಲೆ ಬಿದ್ದವು. ಕಾಲಿನ ಮೂಳೆ ಚರ್ಮ ಸೀಳಿಕೊಂಡು ಹೊರಬಂದಿತ್ತು. ನಾವೆಲ್ಲ ಅರಚುತ್ತಿದ್ದರೂ ನೀನು ಇನ್ನೊಮ್ಮೆ ಬಕೆಟ್ ಎತ್ತಿದೆ. ರಿಹಾನ್ ಹತ್ತಿ ಬಂದು ಕೀಲಿ ಕಿತ್ತುಕೊಂಡದ್ದು ಆಗ. ಅವನ ಕೈಯಲ್ಲಿ ಕೀಲಿ ಬಿಟ್ಟರೆ ಬೇರೇನೂ ಇರಲಿಲ್ಲ. ನೀನು ಸೀಟಿನ ಪಕ್ಕದ ಹಾರೆ ತೆಗೆದು ಅವನ ತಲೆಗೆ ಬೀಸಿದೆ. ಕೆಳಗೆ ಬಿದ್ದವನಿಗೂ ಇಳಿದು ಬಂದು ಹೊಡೆದೆ. ನಾನು ನಿನ್ನ ಅಂಗಿ ಹಿಡಿದು ಜಗ್ಗಿದಾಗ ಹಾರೆಯ ತುದಿ ನನ್ನ ಕೆನ್ನೆಗೆ ತಾಗಿತು, ಎರಡು ಹಲ್ಲು ಬಾಯೊಳಗೇ ಉದುರಿದವು. ನೀನು ತಿರುಗಿ ನೋಡಿದ್ದು ಗುರುತಿಲ್ಲದವರನ್ನು ನೋಡುವ ಹಾಗೆ. ಆಮೇಲೆ ಕಾಡಿಗೆ ಓಡಿದೆ.

ಯಮುನಮ್ಮನ ಕಾಲನ್ನು ಶಿವಮೊಗ್ಗದಲ್ಲಿ ಮೊಣಕಾಲಿನಿಂದ ಕೆಳಕ್ಕೆ ತೆಗೆದರು. ಎಚ್ಚರವಾದಾಗ ಅವರು ನನ್ನ ಕೈ ಹಿಡಿದು ಕೇಳಿದ್ದು ಒಂದೇ: "ಹೋದ ವರ್ಷ ನನ್ನ ಎತ್ತಿದ್ದು ಇವನೇ ಅಲ್ದಾ ಕಮಲ?" ನಾನು ಹೌದೆಂದೆ. ರಿಹಾನನಿಗೆ ಬಲಗಿವಿ ಹೋಯಿತು. ಮಾತಾಡುತ್ತಿದ್ದವನು ನಡುವೆಯೇ ನಿಂತುಬಿಡುತ್ತಾನೆ. ಪ್ರಸನ್ನಕುಮಾರ್ ಮಾತ್ರ, ಹುಡುಗ ತನ್ನನ್ನು ಕೇಳದೆ ಗಾಡಿ ಒಯ್ದಿದ್ದ ಎಂದು ಠಾಣೆಯಲ್ಲಿ ಬರೆಸಿ ಬಂದಿದ್ದಾನೆ. ಅವನಿಗೋಸ್ಕರ ನೀನು ಇಷ್ಟೆಲ್ಲ ಮಾಡಿದ್ದು.

ಜಯಪುರದ ಆಚೆ ಆ ಹಾಳು ಕಾಫಿ ಗೋದಾಮಿನಲ್ಲಿ ನೀನು ಅಡಗಿದ್ದಷ್ಟು ದಿನವೂ ನಾನು ಬುತ್ತಿ ತಂದುಕೊಟ್ಟೆ. ಹೆತ್ತ ಹೊಟ್ಟೆ, ತಡೆಯಲಿಲ್ಲ. ಕೊನೆಯ ಸಲ ನಾನು ಬಂದಾಗ ನೀನು ಕತ್ತಿ ಮಸೆಯುತ್ತಿದ್ದೆ. ಅಂಗೈ ಕೊಯ್ದು ರಕ್ತ ಸೋರುತ್ತಿದ್ದರೂ ನಿಲ್ಲಿಸಲಿಲ್ಲ. "ರಿಹಾನ ಕೋರ್ಟಲ್ಲಿ ಬಾಯಿ ಬಿಡಬಾರ್ದು. ಆಸ್ಪತ್ರೆಯಿಂದ ಮನೆಗೆ ಬರ್ಲಿ, ಮುಗಿಸ್ತೆ" ಎಂದು ಆಮೇಲೆ ಅನ್ನ ಕಲಸುತ್ತಾ ಹೇಳಿದೆ. ಅದೇ ಸಂಜೆ ಪೊಲೀಸರು ಬಂದರು.

ನಿನ್ನ ಜೊತೆಗಿದ್ದ ಇಬ್ಬರು ಹೋದ ವಾರ ಜಾಮೀನಿನ ಮೇಲೆ ಬಂದವರೇ ರಿಹಾನನ ಅಂಗಡಿಗೆ ನುಗ್ಗಿದರು. ಮಿಷನ್ನು ಒಡೆದು ಬೆಂಕಿ ಇಟ್ಟರು. ಅವನ ತಾಯಿ ನಾಹಿದಾಳನ್ನು ಕೂದಲು ಹಿಡಿದು ರಸ್ತೆಗೆ ಎಳೆದು, "ಪೊಲೀಸ್ರಿಗೆ ಗೋದಾಮು ತೋರ್ಸಿದ್ದು ನೀವೇ ಅಂತ ವಿಘ್ನೇಶಂಗೆ ಗೊತ್ತುಂಟು. ಅವ ಹೊರಗೆ ಬರ್ಲಿ" ಎಂದರಂತೆ. ನಾನು ನೋಡಲು ಹೋದರೆ ಅವಳು ಬಾಗಿಲು ತೆರೆಯಲಿಲ್ಲ. ನಾವು ಹೇಳಿಲ್ಲ, ನಿಮ್ಮ ಮಗನಿಗೆ ತಿಳಿಸಿ ಎಂದು ಒಳಗಿಂದಲೇ ಅತ್ತಳು.

ಗೋಡೆಯ ಕೆಲಸ ನಿಂತಿಲ್ಲ. ಯಮುನಮ್ಮನ ಬದಲು ನಾನು ಮುಂದೆ ನಿಂತು ಮಾಡಿಸುತ್ತಿದ್ದೇನೆ. ರಕ್ತ ಹತ್ತಿದ ಕಲ್ಲುಗಳನ್ನು ಹಳ್ಳದಲ್ಲಿ ತೊಳೆದು ಮತ್ತೆ ತುಂಬಿದೆವು.

ಊಟ ಬಿಡಬೇಡ. ಯಾರ ಜೊತೆಗೂ ಜಗಳಕ್ಕೆ ಹೋಗಬೇಡ. ನಿನ್ನ ಕೈಯಿಂದ ಇನ್ನೊಬ್ಬರ ರಕ್ತ ಬೀಳದ ಹಾಗೆ ದೇವರು ನೋಡಿಕೊಳ್ಳಲಿ.

ನಿನ್ನ ಅಮ್ಮ,
ಕಮಲ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಗೋದಾಮು ತೋರಿಸಿದ್ದು ರಿಹಾನನ ಮನೆಯವರಲ್ಲ, ನಾನು. ನೀನು ಕತ್ತಿ ಮಸೆದ ದಿನ ನಾನು ಮನೆಗೆ ಹೋಗಲಿಲ್ಲ, ಠಾಣೆಗೆ ಹೋದೆ. ಜೀಪಿನ ಮುಂದಿನ ಸೀಟಿನಲ್ಲಿ ಕೂತು ದಾರಿ ಹೇಳಿದೆ. ಹೊಡೆಯಬೇಡಿ ಎಂದು ಕೈ ಮುಗಿದು, ನೀನು ಮಲಗುವ ಮೂಲೆಯನ್ನೂ ಹೇಳಿದೆ. ಕೋರ್ಟಿನಲ್ಲೂ ಹೇಳುತ್ತೇನೆ. ಆ ಇಬ್ಬರಿಗೆ ಇದನ್ನು ಕಾಗದ ಸಿಕ್ಕಿದ ದಿನವೇ ತಿಳಿಸು. ಹೊರಗೆ ಬಂದ ಮೇಲೆ ಯಾರನ್ನಾದರೂ ಕಡಿಯಲೇಬೇಕೆಂದಿದ್ದರೆ ನಾಹಿದಾಳ ಮನೆಗೆ ಹೋಗಬೇಡ, ಇಲ್ಲಿಗೆ ಬಾ. ನಾನು ಚಿಲಕ ಹಾಕಿರುವುದಿಲ್ಲ.