ಹೊಟ್ಟೆಯ ಮೇಲೆ ಇಪ್ಪತ್ತೆಂಟು ಮನೆ

ಶನಿವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಕ್ಕನಿಗೆ,

ಕಾಲಿಗೆ ಬೀಳಬೇಕಾದ ತಮ್ಮ, ಬೆನ್ನು ಬಗ್ಗಿಸಕೂಡದೆಂದು ಡಾಕ್ಟರು ತಾಕೀತು ಮಾಡಿರುವುದರಿಂದ, ಕುರ್ಚಿಯಲ್ಲಿ ನೆಟ್ಟಗೆ ಕುಳಿತೇ ಮಾಡುವ ವಂದನೆಗಳು.

ಮೊದಲು ತಪ್ಪೊಪ್ಪಿಗೆ. ಕೆಳಗೆ ಸಹಿ ಮಾಡಿರುವ ಆಸಾಮಿಯಾದ ನಾನು, ವಯಸ್ಸು ಅರವತ್ತಾರು, ಕಸುಬು ಅಂಗಡಿಗಳಿಗೆ ಬೋರ್ಡು ಬರೆಯುವುದು, ಯಾರ ಒತ್ತಾಯವೂ ಇಲ್ಲದೆ, ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ನನ್ನದಲ್ಲದ ಒಂದು ಲಕೋಟೆಯನ್ನು ಕುದಿಯುವ ನೀರಿನ ಹಬೆಗೆ ಹಿಡಿದು, ಅಂಟು ಬಿಡಿಸಿ, ಆದ್ಯಂತ ಓದಿರುತ್ತೇನೆ. ಲಕೋಟೆಯ ಮೇಲೆ ನನ್ನ ಹೆಂಡತಿಯ ಹೆಸರಿತ್ತು. ಅಕ್ಷರ ನಿನ್ನದಿತ್ತು. ಅವಳು ಮೊಮ್ಮಗುವಿಗೆ ಹಲ್ಲು ಬರುತ್ತಿದೆಯೆಂದು ಸೋಮವಾರವೇ ಮಗಳ ಮನೆಗೆ ಹೊರಟುಹೋಗಿದ್ದಳು. ಓದಿ ಮುಗಿಸಿ, ಏನೂ ಅರಿಯದವನಂತೆ ಮತ್ತೆ ಅಂಟಿಸಲು ಹೋದೆ. ಕೈಗೆ ಸಿಕ್ಕಿದ್ದು ಬೋರ್ಡಿಗೆ ಬಳಸುವ ಅಂಟು. ಲಕೋಟೆ ಈಗ ಊಟದ ಮೇಜಿನ ಖಾಯಂ ಸದಸ್ಯ. ಸಾಕ್ಷ್ಯ ನಾಶ ಮಾಡಲು ಹೋಗಿ ಸಾಕ್ಷ್ಯಕ್ಕೆ ಸ್ಮಾರಕ ಕಟ್ಟಿದ್ದೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ಓದಿದ್ದು ಒಳ್ಳೆಯದೇ ಆಯಿತು. ನಮ್ಮಿಬ್ಬರಿಗೂ ಬರೆದುಕೊಟ್ಟ ಮೂಳೆ ಸವೆತದ ಚುಚ್ಚುಮದ್ದನ್ನು ನೀನು ಹನ್ನೊಂದು ದಿನ ತೆಗೆದುಕೊಂಡು ನಿಲ್ಲಿಸಿದ್ದೀಯ, ನಿಲ್ಲಿಸಿ ಎರಡು ವಾರವಾಗಿದೆ, ಡಾಕ್ಟರಿಗೂ ಹೇಳಿಲ್ಲ. ಕೊನೆಯಲ್ಲಿ ಬರೆದಿದ್ದೀಯ: “ನನ್ನ ತಮ್ಮನಿಗೆ ಮಾತ್ರ ಹೇಳಬೇಡ. ಅವನು ಒಂದೂವರೆ ವರ್ಷದಿಂದ ಇರುವೆ ಕಚ್ಚಿದ ಹಾಗೆ ಅಂತಾನೆ. ನನಗೆ ನಾಚಿಕೆ ಆಗುತ್ತೆ.”

ಅಕ್ಕಾ, ಐವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವಳು ನೀನು. ಊರಿನ ಅರ್ಧ ಮಕ್ಕಳ ಶಾಲೆಯ ಸಮವಸ್ತ್ರ ನಿನ್ನ ಸೂಜಿಯ ಕೆಳಗಿಂದ ಬಂದಿದೆ. ಸೂಜಿಗೆ ಹೆದರಿ ಬಿಟ್ಟೆ ಎಂದು ಬೇರೆ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ನೀನು ಬಿಟ್ಟದ್ದು ಸೂಜಿಗೆ ಹೆದರಿ ಅಲ್ಲ ಎಂದು ಪತ್ರ ಓದಿದ ಮೇಲೆ ತಿಳಿಯಿತು. ಚುಚ್ಚಿಕೊಂಡ ಐದು ನಿಮಿಷಕ್ಕೆ ಕಣ್ಣು ಕತ್ತಲಿಟ್ಟು, ಬಟ್ಟೆ ಕತ್ತರಿಸುವ ಮೇಜಿನ ಅಂಚು ಹಿಡಿಯಲು ಹೋಗಿ, ಅದೂ ತಪ್ಪಿ, ತುಂಡು ಬಟ್ಟೆಗಳ ರಾಶಿಯ ಮೇಲೆ ಬಿದ್ದೆಯಂತೆ. ರಾಶಿ ಅಲ್ಲಿರದಿದ್ದರೆ ಎಂದು ಯೋಚಿಸಲು ನನಗೆ ಧೈರ್ಯವಿಲ್ಲ. “ಬೀಳಬಾರದು ಅಂತ ಕೊಟ್ಟ ಮದ್ದೇ ನನ್ನನ್ನು ಬೀಳಿಸಿತು” ಎಂದಿದ್ದೀಯ. ಎಲ್ಲದಕ್ಕೂ ಕುಚೋದ್ಯ ಮಾಡುವ ನಿನ್ನ ತಮ್ಮನಿಗೆ ಈ ಒಂದು ಮಾತಿಗೆ ಕುಚೋದ್ಯ ಹೊಳೆಯಲಿಲ್ಲ.

ಆದರೆ ಬಿಟ್ಟರೂ ಬೀಳುವುದು ತಪ್ಪುವುದಿಲ್ಲ. ಒಂದು ಥಾನು ಬಟ್ಟೆ ಎತ್ತಿದ್ದಕ್ಕೆ ನಿನ್ನ ಬೆನ್ನಿನ ಎರಡು ಮಣಿ ಕುಸಿದವು. ನಿನ್ನದೇ ಟೇಪು ಹಿಡಿದು ನಿನ್ನನ್ನೇ ಅಳೆದುಕೊಂಡು, “ಎರಡು ಇಂಚು ಎಲ್ಲಿ ಹೋಯ್ತೋ? ನಾನೇನು ತೊಳೆದರೆ ಕುಗ್ಗೋ ಬಟ್ಟೆಯಾ?” ಎಂದು ಫೋನಿನಲ್ಲಿ ಕೇಳಿದವಳು ನೀನು. ಮುಂದಿನ ಸರದಿ ಸೊಂಟದ್ದು ಎಂದು ಡಾಕ್ಟರು ನಿನಗೂ ಹೇಳಿದ್ದಾರೆ, ನನಗೂ ಹೇಳಿದ್ದಾರೆ. ಸೊಂಟ ಮುರಿದ ಮೇಲೆ ನೀನು ಆ ಮೇಜಿನ ಮುಂದೆ ನಿಲ್ಲುವುದು ಎಲ್ಲಿ ಬಂತು? ನಮ್ಮ ಮೂಳೆ ನಮ್ಮನ್ನು ಮೂಲೆಗೆ ಕೂರಿಸಬಾರದು. ಅದಕ್ಕೇ ಈ ಪತ್ರ.

ಇರುವೆಯ ವಿಷಯ. ಅದು ಸುಳ್ಳು. ಸೂಜಿಯ ಮಟ್ಟಿಗೆ ಇರುವೆ ಸರಿ, ಆಮೇಲಿನದು ಇರುವೆಯಲ್ಲ. ನೋಡು, ಇದನ್ನು ಅಡ್ಡ ಪರಿಣಾಮ ಎನ್ನುತ್ತಾರೆ. ಮನುಷ್ಯನನ್ನು ಅಡ್ಡ ಕೆಡವುವುದರಿಂದಲೇ ಈ ಹೆಸರು ಬಂದಿರಬೇಕು.

ಮೊದಲ ವಾರ ನಾನೂ ನಿನ್ನ ಹಾಗೇ ಶೂರ. ಬೆಳಿಗ್ಗೆ ತಿಂಡಿಗೆ ಮುಂಚೆ ಚುಚ್ಚಿಕೊಂಡು, ಬಣ್ಣದ ಡಬ್ಬಿ ಎತ್ತಿಕೊಂಡು, ಸೀದಾ ಏಣಿ ಹತ್ತಿದೆ. ಚಪ್ಪಲಿ ಅಂಗಡಿಯ ಬೋರ್ಡು. ಎರಡನೇ ಅಕ್ಷರ ಮುಗಿಸುವಷ್ಟರಲ್ಲಿ ಬೀದಿ ಉಯ್ಯಾಲೆಯಾಯಿತು. ಈ ವಯಸ್ಸಿನಲ್ಲಿ ನನ್ನನ್ನು ಯಾರೂ ತಿರುಗಿ ನೋಡುವುದಿಲ್ಲ. ತಿರುಗಿದ್ದು ನನ್ನ ತಲೆ ಒಂದೇ. ಕೆಳಗಿನಿಂದ ಅಂಗಡಿಯವನು ಕೂಗಿದ: “ಏನ್ ಸಾರ್, ಅಕ್ಷರ ಬೆಟ್ಟ ಹತ್ತುತ್ತಾ ಇದೆ?” ನಾನು ಏಣಿಯನ್ನು ತಬ್ಬಿಕೊಂಡು ಒಂದೊಂದೇ ಮೆಟ್ಟಿಲು ಇಳಿದು, ಫುಟ್‌ಪಾತಿನಲ್ಲಿ ಮೊಣಕಾಲಿನ ನಡುವೆ ತಲೆಯಿಟ್ಟು ಕೂತೆ. ಅವನು ನೀರು ತಂದುಕೊಟ್ಟು, “ಬೆಳಿಗ್ಗೆನೇ ಶುರು ಮಾಡಿಬಿಟ್ರಾ?” ಎಂದು ಪಿಸುಗುಟ್ಟಿದ. ಕುಡಿದ ಆನಂದವಿಲ್ಲದೆ ಕುಡಿದ ಅಪಖ್ಯಾತಿ.

ಡಾಕ್ಟರ ಬಳಿ ಹೋದೆ. ಅವರು ಗದರಲಿಲ್ಲ, ಒಂದೇ ಪ್ರಶ್ನೆ ಕೇಳಿದರು: “ಬಿಪಿ ಮಾತ್ರೆ ಯಾವಾಗ ತಗೋತೀರಿ?”

“ಅದೇ ಹೊತ್ತಿಗೆ ಡಾಕ್ಟ್ರೇ. ಎರಡು ಕೆಲಸ ಒಟ್ಟಿಗೆ ಮುಗೀಲಿ ಅಂತ.”

“ಎರಡೂ ಸೇರಿ ನಿಮ್ಮನ್ನೇ ಮುಗಿಸ್ತಿದ್ವು.”

ಮಾತ್ರೆ ಬೆಳಿಗ್ಗೆಗೇ ಉಳಿಯಿತು. ಸೂಜಿ ಸಂಜೆ ಏಳಕ್ಕೆ, ಊಟವಾದ ಮೇಲೆ ಹೋಯಿತು. ಚುಚ್ಚುವಾಗ ಹಾಸಿಗೆಯ ಮೇಲೆ ಕೂತಿರಬೇಕು; ಆಮೇಲೆ ಅರ್ಧ ಗಂಟೆ ಮಲಗಬೇಕು; ಏಳುವಾಗ ಮೊದಲು ಕೂತು, ಕಾಲು ಇಳಿಬಿಟ್ಟು, ನಂತರ ನಿಲ್ಲಬೇಕು. ನನಗೆ ಹೇಳಿದ್ದು ಇಷ್ಟು. ಅಕ್ಕಾ, ನೀನು ನಿಂತೇ ಚುಚ್ಚಿಕೊಂಡೆಯಂತೆ! ಕತ್ತರಿಸುವುದು, ಇಸ್ತ್ರಿ ಮಾಡುವುದು, ಗಿರಾಕಿಯ ಅಳತೆ ತೆಗೆಯುವುದು ಎಲ್ಲವನ್ನೂ ನಿಂತೇ ಮಾಡಿ ರೂಢಿಯಾದವಳಿಗೆ ಅದು ಸಹಜವೇ. “ನಿಮಿಷದ ಕೆಲಸಕ್ಕೆ ಯಾಕೆ ಕೂರಬೇಕು?” ಎಂದು ಬರೆದಿದ್ದೀಯ. ಇದಕ್ಕೇ ಕೂರಬೇಕು. ನಿನಗೂ ಬಿಪಿ ಮಾತ್ರೆ ಉಂಟು. ಯಾವ ಹೊತ್ತಿಗೆ ಎಂದು ನಿನ್ನ ಡಾಕ್ಟರಿಗೆ ಹೇಳು, ಬಿದ್ದದ್ದನ್ನೂ ಹೇಳು. ನನ್ನ ಡಾಕ್ಟರ ಮಾತು ನನ್ನ ದೇಹಕ್ಕೆ ಹೊಲಿದದ್ದು. ನಿನ್ನ ಅಳತೆ ಅವರೇ ತೆಗೆಯಲಿ.

ಎರಡನೆಯದು ವಾಕರಿಕೆ. ಬಣ್ಣ ಕಲಸುವ ಟರ್ಪೆಂಟೈನಿನ ವಾಸನೆಯನ್ನು ನಲವತ್ತು ವರ್ಷ ಅತ್ತರಿನ ಹಾಗೆ ಸೇವಿಸಿದ ಮೂಗು, ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ತಿರುಗಿಬಿದ್ದಿತು. ಮೂರು ವಾರ ಒಣ ಬ್ರೆಡ್ಡು ಕೈಯಲ್ಲಿಟ್ಟುಕೊಂಡೇ ಕೆಲಸ ಮಾಡಿದೆ. ಆಮೇಲೆ ತಾನಾಗಿ ಇಳಿಯಿತು. ಮೂರನೆಯದು ಕಾಲಿನ ಸೆಳೆತ. ಬೆಳಗಿನ ಜಾವ ಮೀನಖಂಡದೊಳಗಿನ ಮೀನು ಗಾಳಕ್ಕೆ ಸಿಕ್ಕ ಹಾಗೆ ಒದ್ದಾಡುವುದು. ನಾನು ಗೋಡೆಗೆ ಪಾದ ಒತ್ತಿ ಒಂಟಿಕಾಲಲ್ಲಿ ಕುಣಿಯುವುದು. ನನ್ನವಳು ಹಾಸಿಗೆಯಿಂದಲೇ, “ಈ ವಯಸ್ಸಲ್ಲಿ ನಾಟ್ಯ ಬೇರೆ” ಎನ್ನುವುದು. ರಕ್ತ ಪರೀಕ್ಷೆ ಮಾಡಿಸಿದರು, ಕ್ಯಾಲ್ಸಿಯಂ ಸರಿಯಾಗಿತ್ತು. ನೀರು ಜಾಸ್ತಿ ಕುಡಿ, ಮಲಗುವ ಮೊದಲು ಕಾಲು ನೀಟಿಕೋ ಎಂದರು. ಈಗ ಮೀನು ವಾರಕ್ಕೊಮ್ಮೆ ಬಾಲ ಅಲ್ಲಾಡಿಸಿ ಸುಮ್ಮನಾಗುತ್ತದೆ.

ನಾಲ್ಕನೆಯದು ನೀಲಿ ಕಲೆಗಳು. ಹೊಟ್ಟೆಯ ಒಂದೇ ಜಾಗದಲ್ಲಿ ಚುಚ್ಚಬೇಡಿ, ದಿನಾ ಜಾಗ ಬದಲಿಸಿ ಎಂದಿದ್ದರು ನರ್ಸಮ್ಮ. ಸರಿ. ಮದ್ದು ತುಂಬಿ ಬರುವ ಒಂದು ಚುಚ್ಚುವ ಪೆನ್ನಿನ ಆಯುಸ್ಸು ಇಪ್ಪತ್ತೆಂಟು ದಿನ. ನಾನು ಅಂಗಡಿಯಲ್ಲಿ ಉಳಿದಿದ್ದ ಕೆಂಪು ಎನಾಮೆಲ್ ಬಣ್ಣ, ಸಣ್ಣ ಕುಂಚ ತಂದು, ಹೊಟ್ಟೆಯ ಮೇಲೆ ಹೊಕ್ಕುಳು ಬಿಟ್ಟು ಅದರ ಎರಡೂ ಕಡೆ ಇಪ್ಪತ್ತೆಂಟು ಮನೆಗಳ ಪಟ್ಟಿ ಎಳೆದು, ಒಂದರಿಂದ ಇಪ್ಪತ್ತೆಂಟರವರೆಗೆ ಅಂಕಿ ಬರೆದೆ. ಅಂಚಿಗೆ ತೆಳ್ಳನೆಯ ಕಪ್ಪು ನೆರಳು ಬೇರೆ. ಬರೆದ ಕೆಲಸಗಳಲ್ಲೆಲ್ಲ ಅತ್ಯಂತ ಅಚ್ಚುಕಟ್ಟಾದದ್ದು. ಸಾರ್ವಜನಿಕರಿಗೆ ಪ್ರವೇಶವಿಲ್ಲ ಎಂಬುದೊಂದೇ ಕೊರಗು. ಹೊರಬಾಗಿಲಿಗೆ ಹಚ್ಚುವ ಬಣ್ಣ ಮಳೆಗಾಳಿಗೇ ಅಳಿಯುವುದಿಲ್ಲ, ಸಾಬೂನಿಗೆ ಅಳಿಯುತ್ತದೆಯೇ? ಅಲ್ಲಲ್ಲಿ ಚಕ್ಕೆ ಎದ್ದಾಗ ಮತ್ತೆ ತಿದ್ದಿದೆ.

ವರ್ಷ ತುಂಬಿದಾಗ ಮೂಳೆಯ ಸ್ಕ್ಯಾನ್‌ಗೆ ಕರೆದರು. ಯಂತ್ರದ ಹುಡುಗಿ, ಬೆಲ್ಟು ತೆಗೆಯಿರಿ, ಅಂಗಿ ಮೇಲೆತ್ತಿ ಎಂದಳು. ಎತ್ತಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದು, ಬಾಯಿಗೆ ಕೈ ಅಡ್ಡ ಹಿಡಿದು, ಪಕ್ಕದ ಕೋಣೆಯವಳನ್ನೂ ಕರೆದಳು.

“ಇದೇನು ಸಾರ್, ಕ್ಯಾಲೆಂಡರಾ?”

“ಚುಚ್ಚೋ ಜಾಗದ ನಕ್ಷೆ ಕಣಮ್ಮಾ.”

“ಅಂಕಿ ಎಲ್ಲಾ ನಮಗೆ ನೇರವಾಗಿ ಕಾಣ್ತಾವಲ್ಲ? ನಿಮಗೆ ತಲೆಕೆಳಗಾಗಲ್ವಾ?”

“ಬೋರ್ಡು ಯಾವತ್ತೂ ಓದೋರಿಗೆ ಬರೆಯೋದು. ಬರೆದೋನಿಗಲ್ಲ.”

ಇಬ್ಬರೂ ನಕ್ಕರು. ಬಣ್ಣದಲ್ಲಿ ಲೋಹವಿದ್ದರೆ ಚಿತ್ರ ಕೆಡುತ್ತದೆಂದು ಎಣ್ಣೆ, ಹತ್ತಿ ತಂದುಕೊಟ್ಟರು. ಮುಕ್ಕಾಲು ಗಂಟೆ ಉಜ್ಜಿದೆ. ಹದಿನೇಳು ಎಂಬ ಅಂಕಿ ಮಾತ್ರ ಕೊನೆಯವರೆಗೂ ಹೋಗಲಿಲ್ಲ. ಯುದ್ಧದಲ್ಲಿ ಬೆನ್ನು ತೋರಿಸದ ವಂಶದವನು ಯಂತ್ರಕ್ಕೆ ಬೆನ್ನು ತೋರಿಸಿ ಮಲಗಿದೆ.

ಇನ್ನು ಮುಂದೆ ಬರೆಯುವುದರಲ್ಲಿ ತಮಾಷೆಯಿಲ್ಲ, ಅಕ್ಕಾ.

ಡಾಕ್ಟರು ತೆರೆಯ ಮೇಲೆ ಎರಡು ಚಿತ್ರ ತೋರಿಸಿದರು. ನನ್ನವಲ್ಲ, ಪಾಠಕ್ಕೆಂದು ಇಟ್ಟುಕೊಂಡವು. ಮೂಳೆಯ ಒಳಭಾಗವನ್ನು ಸಾವಿರಪಾಲು ಹಿಗ್ಗಿಸಿ ತೆಗೆದವು. ನಾನು ಮೂಳೆ ಎಂದರೆ ಸುಣ್ಣದ ಕೋಲು ಎಂದುಕೊಂಡಿದ್ದೆ. ಅಲ್ಲ. ಒಳಗೆ ಸಾರುವೆ ಇದೆ! ಎತ್ತರದ ಕಟ್ಟಡಕ್ಕೆ ಬೋರ್ಡು ಬರೆಯುವಾಗ ಬಿದಿರು ನಿಲ್ಲಿಸಿ, ಅಡ್ಡ ಬಿದಿರು ಬಿಗಿದು ಕಟ್ಟಿಕೊಡುತ್ತಾರಲ್ಲ, ಥೇಟ್ ಅದೇ. ಕಂಬ, ಅಡ್ಡೆ, ಓರೆ, ನಡುನಡುವೆ ಬೆಳಕು ತೂರುವ ಕಿಂಡಿ. ಭಾರ ಎಲ್ಲಿ ಬೀಳುತ್ತದೋ ಅಲ್ಲೇ ದಪ್ಪ ಕಂಬ. ಯಾವ ಮೇಸ್ತ್ರಿಯೂ ಬಂದು ಅಳತೆ ಹಾಕಿದ್ದಿಲ್ಲ. ಸುಮ್ಮನೆ ನಿಂತಿದ್ದಲ್ಲವಂತೆ ಅದು. ಒಳಗೆ ಹಗಲಿರುಳು ಒಂದು ತಂಡ ಹಳತನ್ನು ಕೆಡವುತ್ತಾ ಹೋಗುತ್ತದೆ, ಹಿಂದೆಯೇ ಇನ್ನೊಂದು ತಂಡ ಹೊಸದನ್ನು ಕಟ್ಟುತ್ತಾ ಬರುತ್ತದೆ. ನಮ್ಮ ವಯಸ್ಸಿಗೆ ಕೆಡವುವವರು ಚುರುಕು, ಕಟ್ಟುವವರು ಸುಸ್ತು. ಈ ಮದ್ದು ದಿನಕ್ಕೊಮ್ಮೆ ಒಳಗೆ ಹೋಗಿ ಕಟ್ಟುವವರನ್ನು ಎಬ್ಬಿಸುತ್ತದೆ. ಅಷ್ಟೇ ಅದರ ಕೆಲಸ.

ನಲವತ್ತು ವರ್ಷ ನಾನು ಸಾರುವೆಯ ಮೇಲೆ ನಿಂತೆ. ನನ್ನೊಳಗೂ ಒಂದು ಸಾರುವೆ ನಿಂತಿತ್ತು, ಅದರ ಮೇಲೆ ನಾನು ನಿಂತಿದ್ದೆ; ಒಂದು ದಿನವೂ ತಿಳಿಯಲಿಲ್ಲ. ಆಮೇಲೆ ಅವರು ನನ್ನ ಸ್ಕ್ಯಾನಿನ ಅಂಕಿ ತೋರಿಸಿದರು. ಬೆನ್ನಿನ ಮೂಳೆ ವರ್ಷದ ಹಿಂದಿಗಿಂತ ನೂರಕ್ಕೆ ಒಂಬತ್ತು ಪಾಲು ಹೆಚ್ಚು ಗಟ್ಟಿಯಾಗಿತ್ತು. ಸೀನಿದ್ದಕ್ಕೆ ಪಕ್ಕೆಲುಬು ಮುರಿದುಕೊಂಡ ಮುದುಕ ನಾನು. ತಲೆಯಲ್ಲಿ ಕೂದಲು ಹುಟ್ಟದು, ಬಾಯಲ್ಲಿ ಹಲ್ಲು ಹುಟ್ಟದು. ಆದರೆ ಬೆನ್ನೊಳಗೆ, ಕತ್ತಲಲ್ಲಿ, ಯಾರ ಅಪ್ಪಣೆಗೂ ಕಾಯದೆ ಹೊಸ ಮೂಳೆ ಹುಟ್ಟುತ್ತಿದೆ. ಆಸ್ಪತ್ರೆಯಿಂದ ಬಸ್ ಸ್ಟಾಪಿನವರೆಗೆ ನೆಟ್ಟಗೆ ನಡೆದೆ, ತಲೆಯ ಮೇಲೆ ತುಂಬಿದ ಕೊಡ ಹೊತ್ತವನಂತೆ, ಒಳಗಿನ ಕೆಲಸಗಾರರಿಗೆ ತೊಂದರೆಯಾಗದಿರಲಿ ಎಂದು. ಸ್ಟಾಪಿನಲ್ಲಿ ನಿಂತಿದ್ದವರನ್ನು ನೋಡಿದೆ: ತರಕಾರಿ ಚೀಲದ ಹೆಂಗಸು, ಫೋನು ಹಿಡಿದ ಹುಡುಗ, ಅಪ್ಪನ ಹೆಗಲ ಮೇಲೆ ಮಲಗಿದ ಕೂಸು. ಎಲ್ಲರೊಳಗೂ ಆ ಕಂಬ, ಅಡ್ಡೆ, ಕಿಂಡಿ. ಯಾರಿಗೂ ಗೊತ್ತಿಲ್ಲ. ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ, ನೋಡುತ್ತಾ ನಿಂತೇ ಇದ್ದೆ.

ನಿನ್ನೊಳಗೂ ಅವರಿದ್ದಾರೆ, ಅಕ್ಕಾ. ಹನ್ನೊಂದು ದಿನ ಎದ್ದು, ಇನ್ನೇನು ಕೆಲಸ ಹಿಡಿಯಬೇಕು ಎನ್ನುವಾಗ ಕರೆ ನಿಂತುಹೋಯಿತು. ಸೋಮವಾರ ಡಾಕ್ಟರ ಬಳಿ ಹೋಗು. ಎರಡು ವಾರ ಬಿಟ್ಟದ್ದನ್ನು ಮುಚ್ಚಿಡಬೇಡ. ಅವರು ಮತ್ತೆ ಶುರು ಮಾಡು ಎಂದರೆ ಮಾಡು; ನಿನಗೆ ಇದು ಒಗ್ಗದು, ಬೇರೆ ಮದ್ದು ನೋಡೋಣ ಎಂದರೆ ಅದನ್ನು ಕೇಳು. ಸುಮ್ಮನೆ ಕೂರುವುದೊಂದು ಬೇಡ.

ಧೈರ್ಯಕ್ಕೆ ನನ್ನನ್ನು ನೋಡು. ಅಡಿ ಎತ್ತರದ ಅಕ್ಷರಕ್ಕೆ ಕೂದಲೆಳೆಯ ಅಂಚು ಎಳೆಯುವ ಕೈ ಇದು, ಸಣ್ಣದೊಂದು ಸೂಜಿಗೆ ನಡುಗೀತೇ? ಹದಿನೆಂಟು ತಿಂಗಳು, ಒಂದು ದಿನ ತಪ್ಪಿಲ್ಲ. ಮುಚ್ಚಳ ತೆಗೆ, ಸೂಜಿ ಕೂರಿಸು, ಚುಚ್ಚು, ಮುಗಿಯಿತು. ನೀನು ಯಾರ ಅಕ್ಕ ಎಂಬುದನ್ನು ಮರೆಯಬೇಡ.

ಇಂತು ನಿನ್ನ ಪ್ರೀತಿಯ ತಮ್ಮ,
ಗೊಣ್ಣೆ
(ಈ ಹೆಸರಿಟ್ಟವಳು ನೀನು; ಅನುಭವಿಸುತ್ತಿರುವವನು ನಾನು.)

ಮತ್ತೊಂದು ಮಾತು: ಈ ಪತ್ರದ ಲಕೋಟೆ ಅಂಟಿಸುವ ಮೊದಲು ನಾನು ಬರೆದದ್ದನ್ನೆಲ್ಲ ಓದಿದೆ. ನಿನ್ನ ನಾಚಿಕೆಗೆ ಕಾರಣವಾದದ್ದು ನನ್ನ ಜಂಬ. ಅದನ್ನೇ ಮತ್ತೆ ಕೊನೆಯಲ್ಲಿ ಬರೆದಿಟ್ಟಿದ್ದೇನೆ. ಹರಿದು ಹಾಕೋಣವೆಂದರೆ ಮೂಳೆಯ ಭಾಗ ಚೆನ್ನಾಗಿ ಬಂದಿದೆ. ಆದ್ದರಿಂದ ಇಲ್ಲೇ ತಿದ್ದುತ್ತೇನೆ.

ಸೋಮವಾರದಿಂದ ಫ್ರಿಜ್ಜಿನಲ್ಲಿ ಪೆನ್ನು ಇಟ್ಟಲ್ಲೇ ಇದೆ. ಮೊದಲ ದಿನ ತೆಗೆದು, ಹಾಸಿಗೆಯ ಮೇಲೆ ಕೂತು, ಸೂಜಿ ನೋಡಿ, ವಾಪಸು ಇಟ್ಟೆ. ಎರಡನೇ ದಿನ ಫ್ರಿಜ್ಜಿನ ಬಾಗಿಲವರೆಗೆ ಹೋದೆ. ಆಮೇಲೆ ಸಂಜೆಯಾದರೆ ಅಡುಗೆಮನೆಗೇ ಹೋಗುತ್ತಿಲ್ಲ, ಹೋಟೆಲಿನಲ್ಲಿ ಊಟ. “ತಗೊಂಡ್ರಾ?” ಎಂದು ನನ್ನವಳು ದಿನಾ ಏಳೂಕಾಲಕ್ಕೆ ಫೋನು ಮಾಡುತ್ತಾಳೆ, “ಇರುವೆ ಕಚ್ಚಿದ ಹಾಗೆ” ಎನ್ನುತ್ತೇನೆ. ಸೋಮವಾರ ನಾನೂ ಡಾಕ್ಟರಿಗೆ ನಿಜ ಹೇಳುತ್ತೇನೆ. ಅವಳು ಬರುವವರೆಗೆ ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿಕೊಳ್ಳಲು ಬರುವ ಕೂಸುಗಳ ಸಾಲಿನಲ್ಲಿ ನಿಲ್ಲುತ್ತೇನೆ, ಅಳುವುದಾದರೆ ಜೊತೆಗಾರರಿರುತ್ತಾರೆ.

ನೀನು ಒಬ್ಬಳೇ, ಹಿಡಿದುಕೊಳ್ಳುವವರಿಲ್ಲದ ಮನೆಯಲ್ಲಿ, ನಿನ್ನ ಕೈಯಾರೆ ಹನ್ನೊಂದು ಸಲ ಚುಚ್ಚಿಕೊಂಡೆ. ಅದು ಹೇಗೆ ಸಾಧ್ಯವಾಯಿತೆಂದು ಗುರುವಾರದಿಂದ ಬೆರಗಾಗಿ ಕೂತಿದ್ದೇನೆ. ಒಂದೂವರೆ ವರ್ಷವೂ ನನಗೆ ಚುಚ್ಚಿದವಳು ನನ್ನ ಹೆಂಡತಿ, ಅಕ್ಕಾ. ನಾನು ಗೋಡೆಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ, ಅವಳ ಸೆರಗು ಹಿಡಿದುಕೊಂಡಿರುತ್ತೇನೆ.