ಕೊಕ್ಕಣ್ಣನ ಮೀಸೆ ಹೋದದ್ದು

ಮದ್ದೂರು, 14-3-1946

ಅಕ್ಕಾ, ನಮಸ್ಕಾರ. ಲಾಯರಾಗಿ ಕಕ್ಷಿ ಹಿಡಿ ಎಂದು ನೀನು ಹೇಳಿದೆ. ನನಗೆ ಸಿಕ್ಕಿದ್ದು ಪಕ್ಷಿ. ನಮ್ಮ ಮಕ್ಕಳ ಮಾಸಪತ್ರಿಕೆಯ ಮೀಸೆ ಕೊಕ್ಕರೆ ಕೊಕ್ಕಣ್ಣನನ್ನು ಬೊಂಬೆ ಮಾಡಿ ಮಾರಲು ಅನುಮತಿ ಕೊಡುವುದೇ ನನ್ನ ಉದ್ಯೋಗ. ಇಲ್ಲಿ ಬೊಂಬೆ ಮಾಡುವ ಶಫೀವುಲ್ಲಾ ಸಾಹೇಬರು ಕರಾರಿಗೆ ರುಜು ಹಾಕಿದರೆ ನನ್ನ ಕೆಲಸ ಖಾಯಂ, ಇಲ್ಲವಾದರೆ ನಾನು ಮನೆಗೆ.

ಸಾಹೇಬರು ಮಾದರಿ ಬೊಂಬೆ ಹಿಡಿದು, ಕೊಳ್ಳುವವರನ್ನೇ ಕೇಳೋಣವೆಂದು ನನ್ನನ್ನು ಬೆಳ್ಳೂರಿಗೆ ಕರೆದೊಯ್ದರು. ಅಲ್ಲಿ ಹುಣಸೆಮರಗಳ ತುಂಬ ಕೊಕ್ಕರೆ ಗೂಡು. ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರಿನವರ ಎಣಿಕೆ. ಬೊಂಬೆ ನೋಡಿದ ಹೊಂಬಾಳಮ್ಮ ಎಂಬ ಮುದುಕಿ ಸಿಡಿದೆದ್ದಳು: "ಎರಿಗ್ಗೆ ಬಂದಿರೋ ನಮ್ಮ ಎಣ್ಮಗೀಗೆ ಮೀಸೆ ಬರ್ದವ್ನಲ್ಲಾ! ಯಾರ್ ಕೊಂಡ್ಕಂಡಾರು? ತಗ್ಸು ಅದ್ನ. ಪಕ್ಕದಲ್ಲಿ ಎಲ್ಡು ಮರೀನೂ ಮಡುಗು."

"ಕೇಳಿದ್ರಾ ಸ್ವಾಮಿ? ಮೀಸೆ ಇದ್ರೆ ನಾನು ರುಜು ಆಕಾಕಿಲ್ಲ" ಎಂದರು ಸಾಹೇಬರು.

ಚಿತ್ರದ ಒಂದು ಗೆರೆಯನ್ನೂ ಬದಲಿಸಕೂಡದೆಂದು ನಮ್ಮ ಸಂಪಾದಕರ ಕಟ್ಟಪ್ಪಣೆ. ಆದರೂ ಹೊಂಬಾಳಮ್ಮನ ಮಾತನ್ನೆಲ್ಲ ಬರೆದು ಅವರಿಗೆ ತಂತಿ ಕೊಟ್ಟೆ. ಇಂದು ಉತ್ತರ ಬಂತು: "ಮೀಸೆ ಬೋಳಿಸಿ. ಮರಿಗಳಿಗೂ ಅನುಮತಿ ಬರೆದುಕೊಡಿ." ಸಾಹೇಬರು ಬಿಸ್ಮಿಲ್ಲಾ ಎಂದು ರುಜು ಹಾಕಿದರು.

ನನ್ನ ಆರೋಗ್ಯ ಚೆನ್ನಾಗಿದೆ. ಕೋಟಿನ ಮೇಲೆ ಮಾತ್ರ ಕೊಕ್ಕರೆಗಳ ಆಶೀರ್ವಾದ ಧಾರಾಳವಾಗಿ ಬಿದ್ದು, ಅದು ಅಗಸರ ಮನೆ ಸೇರಿದೆ. ಟಪಾಲು ಚೀಲ ಕಟ್ಟುತ್ತಿದ್ದಾರೆ, ನಿಲ್ಲಿಸುತ್ತೇನೆ. ಅಮ್ಮನಿಗೆ ಹೇಳು: ನನ್ನ ಕೆಲಸ ಖಾಯಂ, ಕೊಕ್ಕಣ್ಣನಿಗೆ ಅವಳಿ; ತಾಯಿ-ಮಕ್ಕಳು ಕ್ಷೇಮ.

ನಿನ್ನ ತಮ್ಮ,
ಸೀತಾಪತಿ