ಕಿವಿ ಚುಚ್ಚದ ಎತ್ತುಗಳು

ಜೂನ್ 9, ಸೋಮವಾರ. ಚಳ್ಳಕೆರೆ

ಮತ್ತೆ ಅದೇ ಎರರ್. ಕೆಳಗೆ ಎಣ್ಣೆ ಮಿಲ್ಲು, ಮೇಲೆ ಆಫೀಸು. ಮೂಗಿಗೆಲ್ಲ ಹಿಂಡಿ ವಾಸನೆ. ದನಗಳ ಲಸಿಕೆ ಪ್ರೋಗ್ರಾಂ ನನ್ನ ತಲೆಗೆ ಕಟ್ಟಿದ್ದಾರೆ. ಕಿವಿಯ ಟ್ಯಾಗ್ ನಂಬರು ಕೊಟ್ಟರೆ ಡಿಕ್ಷನರಿ, ಅಂದರೆ ಪ್ರೋಗ್ರಾಂ ಒಳಗಿನ ಪಟ್ಟಿ, ‘ಆಗಿದೆ’ ಇಲ್ಲವೇ ‘ಬಾಕಿ’ ಎನ್ನಬೇಕು. ಬಾಕಿ ಇದ್ದಲ್ಲಿಗೆ ಚರ್ಮಗಂಟು ರೋಗದ ಲಸಿಕೆ ಗಾಡಿ ಹೋಗುತ್ತದೆ. ಕೆಲವು ಸಾಲಿಗೆ ನಂಬರೇ ಇಲ್ಲ. ಅಂಥದ್ದನ್ನು ಚೌಕ ಬ್ರಾಕೆಟ್ಟಿನಲ್ಲಿ ಕೇಳಿದರೆ ಪ್ರೋಗ್ರಾಂ ಎರರ್ ಕೊಟ್ಟು ಅಲ್ಲೇ ಕೂತುಬಿಡುತ್ತದೆ. ‘ಗೆಟ್’ ಎಂಬ ಆದೇಶದಲ್ಲಿ ಕೇಳಿದರೆ ‘ಏನೂ ಇಲ್ಲ’ ಎಂದು ಮುಂದೆ ಹೋಗುತ್ತದೆ. ‘ಸೆಟ್‌ಡಿಫಾಲ್ಟ್’ ಇನ್ನೂ ಭಂಡ — ಇಲ್ಲದ್ದನ್ನು ತಾನೇ ಬರೆದುಕೊಂಡು ಇದೆ ಎನ್ನುತ್ತದೆ.

ಆಫೀಸಿನ ಮೇಲಧಿಕಾರಿ ಓಂಕಾರಮೂರ್ತಿ ಸರ್ ಹಿಂದೆ ಬಂದು ನಿಂತರು. “ಗೆಟ್ ಹಾಕಮ್ಮ ರೂಪ. ಸಾಯಂಕಾಲ ಪಟ್ಟಿ ಕಳಿಸ್ಬೇಕು. ಹಿಂಗೆ ನಿಂತ್ಕಂಡ್ರೆ ಕೆಲ್ಸ ಆಗಲ್ಲ.”

ಹಾಕಿದೆ. ಓಡಿತು. ಊಟ ಮಾಡಿದೆ.

ಜೂನ್ 10

ಪಟ್ಟಿ ಚೆನ್ನಾಗಿದೆಯಂತೆ. ಖುಷಿಯೂ ಇಲ್ಲ, ಬೇಜಾರೂ ಇಲ್ಲ. ಅವ್ವ ಹೋದ ಮೇಲೆ ಎಲ್ಲ ಹೀಗೇ… ಯಾರು ಏನು ಕೇಳಿದರೂ ಹೂಂ.

ಜೂನ್ 19. ಬೆಳಿಗ್ಗೆ

ಪಾತಣ್ಣನ ಫೋನು. ನನ್ನ ಅಣ್ಣ. ಮೊಳಕಾಲ್ಮೂರಿನ ಹತ್ತಿರ ನಮ್ಮ ಕುಲದ ದೇವರೆತ್ತುಗಳನ್ನು ಕಾಯುವ ಕಿಲಾರಿ.

“ಗಾಡಿ ಬಂದು ಹಂಗೇ ಹೋತು ಕಣಮ್ಮ. ಲಿಸ್ಟ್‌ನಾಗೆ ನಾವಿಲ್ಲಂತೆ. ಒಂದಕ್ಕೆ ಮೈಮ್ಯಾಲೆ ಗಂಟು ಎದ್ದೈತೆ. ನಿಮ್ ಆಫೀಸ್ನಾಗೆ ಒಂದೀಟು ಕೇಳ್ತೀಯಾ?”

ಕೇಳುವುದೇನು. ದೇವರೆತ್ತಿನ ಕಿವಿ ನಮ್ಮಲ್ಲಿ ಚುಚ್ಚುವುದಿಲ್ಲ, ಹಾಗಾಗಿ ಟ್ಯಾಗಿಲ್ಲ. ಎತ್ತು ಕೂಡುವ ಆ ರೊಪ್ಪದ ಬೇಲಿ ಹಿಡಿದೇ ನಡೆಯಲು ಕಲಿತವಳು ನಾನು, ಆದರೂ ಹೊಳೆಯಲಿಲ್ಲ. ‘ಗೆಟ್’ ಏನೂ ಇಲ್ಲ ಎಂದಿತು. ಏನೂ ಇಲ್ಲದ್ದು ‘ಬಾಕಿ’ ಅಲ್ಲವಲ್ಲ, ಪಟ್ಟಿಯಿಂದ ಬಿಟ್ಟುಹೋಯಿತು. ಬ್ರಾಕೆಟ್ಟು ಅಂದು ನಿಂತಿದ್ದು ನಮ್ಮ ಎತ್ತುಗಳ ಮುಂದೆ.

ಸರ್‌ಗೆ ಹೇಳಿದೆ. “ಟ್ಯಾಗಿಲ್ದೆ ಎಂಟ್ರಿ ಆಗಲ್ಲಮ್ಮ. ಹಾಕಿಸ್ತೀವಿ ಅನ್ನು, ನಾಳೇನೇ ಗಾಡಿ ಕಳಿಸ್ತೀನಿ.”

ಅಣ್ಣ ಒಪ್ಪಲಿಲ್ಲ. ಫೋನಿಟ್ಟ.

ಜೂನ್ 24

ಎರಡು ಎತ್ತು ಹೋದವು. ಅಣ್ಣ ಅವುಗಳ ಹೆಸರು ಹೇಳಿದ. ಅಳು ಬರಲಿಲ್ಲ. ಪಾತ್ರೆ ತೊಳೆದೆ.

ಜೂನ್ 25. ಮೊಳಕಾಲ್ಮೂರು

ಬೆಳಗಿನ ಬಸ್ಸಿಗೆ ಬಂದೆ. ಹಾಕಿಸ್ತೀವಿ ಎಂದು ನಿನ್ನೆ ಸರ್‌ಗೆ ನಾನೇ ಹೇಳಿದ್ದೆ; ಅವರ ಮಾತಿನಂತೆ ಗಾಡಿಯೂ ಬಂತು — ಲಸಿಕೆ, ಟ್ಯಾಗು, ಚುಚ್ಚುವ ಇಕ್ಕಳ.

ನನ್ನ ಪ್ರೋಗ್ರಾಮೇ ಬಿಟ್ಟಿದ್ದು ಎಂದು ಅಣ್ಣನಿಗೆ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಕಿವಿ ಚುಚ್ಚಿಸಿದ ಮ್ಯಾಲೆ ನಾನು ಕಿಲಾರಿ ಅಲ್ಲ ರೂಪಿ.”

“ಚುಚ್ಚಿಸ್ದಿದ್ರೆ ಅವು ಉಳಿಯಲ್ಲಣ್ಣ.”

ಅಣ್ಣ ರೊಪ್ಪದ ಬೇಲಿ ಸರಿಸಿದ. ಆಮೇಲೆ ತಾನೇ ಹೋಗಿ ಒಂದೊಂದಾಗಿ ಹಿಡಿದು ತಂದ. ಕೊರಳು ತಬ್ಬಿ ಕಿವಿ ಬಿಡಿಸಿ ಹಿಡಿದ. ಗಾಡಿಯವರು ಇಕ್ಕಳ ಒತ್ತಿದರು. ನಂಬರು ಓದಿ ಮೊಬೈಲಿಗೆ ಹಾಕಿದೆ. ಸೂಜಿ ಹಾಕಿದರು. ಎಲ್ಲಕ್ಕೂ ಆಯಿತು. ನನಗೆ ಆಗಲೂ ಏನೂ ಅನ್ನಿಸಲಿಲ್ಲ.

ಗಾಡಿ ಹೋದ ಮೇಲೆ ಅಣ್ಣ ಕಂಬಳಿ ಮಡಚಿ ಬೇಲಿ ಮೇಲಿಟ್ಟ. “ಬ್ಯಾರೆ ಯಾರನ್ನಾರ ನೋಡ್ಕಳ್ಳಿ ಅಂತ ಊರಾಗೆ ಹೇಳಿ ಬರ್ತೀನಿ.” ಹೊರಟ. ಎತ್ತುಗಳೂ ಅವನ ಹಿಂದೆಯೇ ಹೊರಟವು. ಕೈಬೀಸಿ ಅಟ್ಟಿದ. ಮತ್ತೆ ಬಂದವು. ಅಟ್ಟಿದ. ಮತ್ತೆ ಬಂದವು. ಬಾಗಿ ಕಲ್ಲೆತ್ತಿಕೊಂಡ. ಅವುಗಳ ಮೇಲೆ ಒಂದು ದಿನವೂ ಕೋಲು ಎತ್ತಿದವನಲ್ಲ. ಕಲ್ಲು ಹಿಡಿದ ಆ ಕೈ ನೋಡಿ ನಾನು ಬೇಲಿ ಹಿಡಿದು ಅತ್ತೆ — ಅವ್ವ ಹೋದ ಮೇಲೆ ಮೊದಲ ಸಲ.